ಎಲ್ಲಾ ಹಸಿರು, ಎಲ್ಲಾ ಆರಾಮ್

ಹಸಿರು ಬಣ್ಣ ನಂಬಿ ಮೋಸ ಹೋಗೋದು ನಮ್ಮ ಕೆಲಸದಲ್ಲಿ ಹೊಸದೇನಲ್ಲ. ಹೋಗ್ತೀವಿ, ತಲೆ ಚಚ್ಚಿಕೊಂಡು ಸರಿ ಮಾಡ್ತೀವಿ, ಮುಂದಿನ ವಾರ ಮತ್ತೆ ನಂಬ್ತೀವಿ. ಕೊರೊನಾ ಕಾಲದಲ್ಲಂತೂ ಇದು ಸರ್ವರ್‌ಗಳಿಗಷ್ಟೇ ನಿಲ್ಲಲಿಲ್ಲ.

೧. ನಿನ್ನೆಯ ಹಸಿರು

ಆಗ ನಾನು ನೆದರ್ಲೆಂಡ್ಸಿನ ಬೆಸ್ಟ್ ಅನ್ನೋ ಊರಲ್ಲಿ ಮನೆಯಲ್ಲೇ ಕೂತು ಆಮ್ಸ್ಟರ್‌ಡ್ಯಾಮಿನ ಕಂಪನಿಯೊಂದರ ಸರ್ವರ್‌ಗಳನ್ನು ನೋಡಿಕೊಳ್ತಿದ್ದೆ. ಅವಕ್ಕೊಂದು ಕಾವಲು ಪ್ರೋಗ್ರಾಮು. ಅದು ಆಗಾಗ ಒಂದೊಂದು ಸರ್ವರನ್ನೂ "ಇದೀಯಾ?" ಅಂತ ಕೇಳುತ್ತೆ. "ಇದೀನಿ" ಅಂದರೆ ಪರದೆ ಮೇಲೆ ಹಸಿರು, ಉತ್ತರ ಬರದಿದ್ದರೆ ಕೆಂಪು.

ಒಂದು ಬೆಳಿಗ್ಗೆ ಗಿರಾಕಿಗಳ ಫೋನೋ ಫೋನು, ಏನೂ ತೆರೀತಿಲ್ಲ ಅಂತ. ನಮ್ಮ ಪರದೆ ನೋಡಿದರೆ ಪೂರ್ತಿ ಹಸಿರು. "ಅವರ ಇಂಟರ್ನೆಟ್ಟೇ ಸರಿಯಿಲ್ಲವೇನೋ" ಅಂದರು ನಮ್ಮ ಡಚ್ ಮ್ಯಾನೇಜರ್. ಅಷ್ಟೂ ಜನರದ್ದಾ? ಕೆದಕಿದಾಗ ಗೊತ್ತಾಯ್ತು, ಕಾವಲು ಪ್ರೋಗ್ರಾಮೇ ಹಿಂದಿನ ದಿನ ನಿಂತುಹೋಗಿದೆ. ನಾವು ನೋಡ್ತಿದ್ದದ್ದು ನಿನ್ನೆಯ ಚಿತ್ರ.

ಮ್ಯಾನೇಜರ್ ಬಹಳ ಗಂಭೀರವಾಗಿ ಹೇಳಿದರು: "ನಿನ್ನೆ ಎಲ್ಲಾ ಚೆನ್ನಾಗಿತ್ತು ಅನ್ನೋದಂತೂ ಖಚಿತ."

೨. ಬಾಕಿ ಆರಾಮ್

ನಮ್ಮ ತಂಡದಲ್ಲಿ ಧಾರವಾಡದ ಗೆಳೆಯನೊಬ್ಬನಿದ್ದ. ಇದೇ ದೇಶದ ಲೈಡನ್ ಊರಲ್ಲಿ ಒಬ್ಬನೇ ವಾಸ. ಅವರ ಕಡೆ ಹೇಗಿದೀಯ ಅಂದರೆ "ಆರಾಮ್" ಅನ್ನೋದು ಬಿಟ್ಟು ಬೇರೆ ಉತ್ತರವೇ ಇಲ್ಲ. ಒಂದಿನ ವಿಡಿಯೋದಲ್ಲಿ ನೋಡ್ತೀನಿ, ಕೈಗೆ ಪ್ಲಾಸ್ಟರ್.

"ಹೇಗಿದೀಯೋ?"

"ಆರಾಮ್ ಅದೀನಿ."

"ಮತ್ತೆ ಕೈ?"

"ಸೈಕಲ್ ಮ್ಯಾಲಿಂದ ಬಿದ್ದೆ, ಮುರದದ. ಬಾಕಿ ಎಲ್ಲಾ ಆರಾಮ್."

೩. ಹಾಜರಿ

ಅವನ ಅವ್ವ ನಿವೃತ್ತ ಶಿಕ್ಷಕಿ, ಧಾರವಾಡದಲ್ಲಿ ಮಗಳ ಮನೆಯಲ್ಲಿದ್ದರು. ದಿನಾ ಎದ್ದ ಕೂಡಲೇ ಮಗನಿಗೆ "ಹೆಂಗಿದಿ?" ಅಂತ ಮೆಸೇಜು. ಅಲ್ಲಿ ಬೆಳಗಾದರೆ ಇಲ್ಲಿ ಗಾಢ ನಿದ್ದೆ. ಇವನೋ ಮಹಾ ಜಾಣ, ಅವ್ವನ ಯಾವ ಮೆಸೇಜ್ ಬಂದರೂ "ಆರಾಮ್ ಅದೀನಿ ಅವ್ವಾ" ಅಂತ ಫೋನೇ ಉತ್ತರ ಕಳಿಸೋ ಹಾಗೆ ಒಂದು ಪುಟ್ಟ ಪ್ರೋಗ್ರಾಮ್ ಬರೆದಿಟ್ಟ. ನನಗೆ ತೋರಿಸಿ ನಕ್ಕ, ನಾನೂ ನಕ್ಕೆ.

ಒಂದು ಭಾನುವಾರ ಆ ತಾಯಿಯ ಫೋನ್ ನನಗೆ ಬಂತು. "ತಮ್ಮಾ, ಅವ ಫೋನ್ ಎತ್ತವಲ್ಲ. ಮೆಸೇಜಿಗೆ ಮಾತ್ರ ಉತ್ತರಾ ಬರತದ. ಊಟಾ ಆತೇನು ಅಂದೆ, ಆರಾಮ್ ಅಂದ. ಜ್ವರಾ ಬಂದಾವೇನು ಅಂದೆ, ಆರಾಮ್. ಸಿಟ್ಟಿಗೆದ್ದು ಸತ್ತೀಯೇನೋ ಅಂದೆ, ಅದಕ್ಕೂ ಆರಾಮ್ ಅದೀನಿ ಅವ್ವಾ! ನೌಕರಿ ತುಂಬಾ ಹಾಜರಿ ಕೂಗೀನಿ. ಬರದಿದ್ದ ಹುಡುಗನ ಹೆಸರಿಗೆ ಇನ್ನೊಬ್ಬ 'ಹಾಜರ್ ರೀ ಅಕ್ಕೋರ' ಅಂದ್ರ ನನಗ ತಿಳಿಯೂದಿಲ್ಲೇನು? ಹೋಗಿ ಮಾರಿ ನೋಡಿ ಬಾ."

ನನಗೆ ತಕ್ಷಣ ಆ ಪ್ರೋಗ್ರಾಮ್ ನೆನಪಾಯ್ತು. ಶುಕ್ರವಾರ ಅವನು ರಜೆ ಹಾಕಿದ್ದ, ಹಾಗಾಗಿ ನಮಗ್ಯಾರಿಗೂ ಅನುಮಾನ ಬಂದಿರಲಿಲ್ಲ. ಮಾಸ್ಕ್ ಹಾಕಿಕೊಂಡು ಖಾಲಿ ರೈಲಿನಲ್ಲಿ ಲೈಡನ್‌ವರೆಗೂ ದೇವರೇ ದೇವರೇ ಅಂದುಕೊಂಡೇ ಹೋದೆ. ಬೆಲ್ ಒತ್ತಿ ಒತ್ತಿ ಸಾಕಾಯ್ತು. ಕೊನೆಗೆ ಪಕ್ಕದ ಮನೆಯ ಅಜ್ಜಿ ತಮ್ಮ ಹತ್ತಿರವಿದ್ದ ಕೀಲಿ ಕೊಟ್ಟರು.

ಹಾಸಿಗೆಯಲ್ಲಿ ಜ್ವರದಿಂದ ಸುಡ್ತಾ, ಏದುಸಿರು ಬಿಡ್ತಾ ಬಿದ್ದಿದ್ದ.

"ಏನೋ ಇದು, ಹೇಗಿದೀಯೋ?"

"ಆರಾಮ್" ಅಂದ, ಪುಣ್ಯಾತ್ಮ!

"ಬಾಯ್ಮುಚ್ಚೋ" ಅಂತ ಆಂಬುಲೆನ್ಸ್ ಕರೆಸಿದೆ. ಇನ್ನೂ ತಡವಾಗಿದ್ದರೆ ಉಳಿಸೋದು ಕಷ್ಟವಿತ್ತು ಅಂದರು ಡಾಕ್ಟರು. ನನ್ನನ್ನು ಒಳಗೆ ಬಿಡಲಿಲ್ಲ, ಆಸ್ಪತ್ರೆ ಹೊರಗೆ ನಿಂತು ಅತ್ತುಬಿಟ್ಟೆ.

ಉಳಿದುಕೊಂಡ. ಮನೆಗೆ ಬಂದವನೇ ಆ ಪ್ರೋಗ್ರಾಮ್ ಅಳಿಸಿದ. ಅವ್ವನೂ "ಹೆಂಗಿದಿ" ಕೇಳೋದು ಬಿಟ್ಟರು. ದಿನಾ ಒಂದು ಹೊಸ ಆಜ್ಞೆ: ಇವತ್ತು ಮೂಗು ಹಿಡಕೊಂಡು ಫೋಟೋ ಕಳಿಸು, ನಾಳೆ ಬಲಗಿವಿ, ನಾಡಿದ್ದು ಎಡಗಿವಿ. ಎಡಗಿವಿ ಕೇಳಿದ ದಿನ ಇವನು ಸೋಮಾರಿತನಕ್ಕೆ ಹಿಂದಿನ ದಿನದ ಬಲಗಿವಿ ಫೋಟೋನೇ ಕಳಿಸಿದ.

ತಕ್ಷಣ ಉತ್ತರ ಬಂತು: "ಇದು ನಿನ್ನಿ ಕಿವಿ. ನಿನ್ನಿ ನೀ ಬದುಕಿದ್ದಿ ಅಂತ ನನಗ ಗೊತ್ತದ. ಇವತ್ತಿಂದು ಹಿಡಿ."