ತೀರ್ಪುಗಾರರು ಏಳುವವರೆಗೆ

ಹಾಡುವವರಿಗಿಂತ ಹಾಡಿಸುವವರಿಗೆ ಆಸೆ ಹೆಚ್ಚು. ನನಗೆ ಸ್ವರವಿಲ್ಲ, ತಾಳವಿಲ್ಲ, ಬಚ್ಚಲಲ್ಲಿ ಗುನುಗಿದರೂ ಹೆಂಡತಿ ಶಾರದೆ "ಜಾರಿ ಬಿದ್ರಾ?" ಎಂದು ಬಾಗಿಲು ತಟ್ಟುತ್ತಾಳೆ. ಆದರೂ ಒಮ್ಮೆ ನಾನು ಸಂಗೀತದ ಹೆಸರಿನಲ್ಲಿ ವಿದೇಶಕ್ಕೆ ಹೊರಟಿದ್ದೆ. ಚಿತ್ರದುರ್ಗದವರೆಗೆ ಹೋಗಿಯೂ ಬಂದೆ.

ಎರಡು ಸಾವಿರದ ಈಚೆಗಿನ ಮಾತು. ಯಾವ ವರ್ಷವೆಂದು ಕೇಳಬೇಡಿ. ನಾನು ದಿನಚರಿ ಬರೆಯುವವನಾದರೂ ದಿನದ ಬಗ್ಗೆ ಬರೆದದ್ದಕ್ಕಿಂತ ನನ್ನ ಬಗ್ಗೆ ಬರೆದುಕೊಂಡದ್ದೇ ಜಾಸ್ತಿ. ಹೊರದೇಶದಲ್ಲಿ ನಡೆಯುವ ಅಂತರರಾಷ್ಟ್ರೀಯ ಸ್ಪರ್ಧೆಗೆ ನಮ್ಮ ದೇಶದಿಂದ ಒಂದು ಹಾಡು ಹೋಗಬೇಕು, ಅದನ್ನು ಆರಿಸಲು ಜಿಲ್ಲೆಯಿಂದ ದಿಲ್ಲಿಯವರೆಗೆ ಸುತ್ತುಗಳು ನಡೆಯುತ್ತವೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಹೊಳಲ್ಕೆರೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ನನಗೆ ತಟ್ಟನೆ ನೆನಪಾದವರು ಹರಿಯಬ್ಬೆಯ ನಮ್ಮ ಅತ್ತೆ, ಶಾರದೆಯ ತಾಯಿ ಗಂಗಮ್ಮ. ಸುತ್ತಲ ಊರುಗಳಲ್ಲಿ ಮದುವೆಯಾದರೆ, ಹೆಣ್ಣುಗಂಡನ್ನು ಹಸೆಯ ಮೇಲೆ ಕೂರಿಸಿ ಹಾಡುವ ಪದಕ್ಕೆ ಅವರೇ ಬೇಕು. ಅವರು ಹಾಡುವುದು, ನಾನು ಜೊತೆಗೆ ಹೋಗಿ ಪರದೇಶದವರಿಗೆ ಅರ್ಥ ವಿವರಿಸುವುದು. ಇಷ್ಟು ತೀರ್ಮಾನವಾದ ಮೇಲೆ ಅತ್ತೆಗೂ ವಿಷಯ ತಿಳಿಸಿದೆ. ಅಷ್ಟರಲ್ಲಿ ಉಣ್ಣೆಯ ಕೋಟಿಗೆ ದರ್ಜಿಯ ಬಳಿ ಅಳತೆ ಕೊಟ್ಟಾಗಿತ್ತು.

ತೊಡಕು ಒಂದೇ. ಹಾಡು ಮೂರು ನಿಮಿಷ ಮೀರಿದರೆ ಸ್ಪರ್ಧೆಯಿಂದ ಹೊರಗೆ. ಅತ್ತೆಯ ಪದವೋ, ಹಿರಿಯೂರಿನಲ್ಲಿ ಬಸ್ಸು ಹತ್ತುವಾಗ ಶುರುಮಾಡಿದರೆ ದುರ್ಗದಲ್ಲಿ ಇಳಿಯುವಾಗ ಮುಗಿಯುವಂಥದ್ದು.

"ಅತ್ತೆ, ಮೂರು ನಿಮಿಷಕ್ಕೆ ನಿಲ್ಲಿಸಿಬಿಡಿ," ಎಂದೆ.

"ಅದ್ ನನ್ ಕೈಯಾಗೆ ಎಲ್ಲೈತೆ ಅಳಿಯಂದ್ರೆ? ಹಸೆ ಮೇಲೆ ಕುಂತೋರು ಎದ್ರೆ ಪದ ನಿಲ್ತೈತೆ. ಕುಂತಿರಂಗೇ ನಿಲ್ಸಿದ್ರೆ ಅವ್ರಿಗೆ ಒಳ್ಳೇದಲ್ಲ."

"ಅಲ್ಲಿ ಹಸೇನೂ ಇರಲ್ಲ, ಮದುವೇನೂ ಇರಲ್ಲ."

"ಹಂಗಾರೆ ಸರಿ ಬಿಡ್ರಿ," ಎಂದರು. ನಾನು ನಿಶ್ಚಿಂತನಾದೆ.

ದುರ್ಗದ ಸಭಾಂಗಣದಲ್ಲಿ ತೀರ್ಪುಗಾರರು ಇಬ್ಬರು. ಒಬ್ಬರು ಗಂಡಸು, ಒಬ್ಬರು ಹೆಂಗಸು. ಸಂಘಟಕರು ಅವರನ್ನು ವೇದಿಕೆಯ ಎದುರಿಗೆ ಅಕ್ಕಪಕ್ಕ ಕೂರಿಸಿ ಕೊರಳಿಗೆ ಹೂವಿನ ಹಾರ ಹಾಕಿದ್ದರು. ಅದನ್ನು ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಅತ್ತೆ ಪದ ಎತ್ತಿದರು. ಅದೆಂಥ ದನಿ! ಹಿಂದೆ ಹರಟುತ್ತಿದ್ದವರೆಲ್ಲ ಬಾಯಿ ಮುಚ್ಚಿದರು. ಮೂರು ನಿಮಿಷಕ್ಕೆ ಗಂಟೆ ಬಾರಿಸಿದರು. ಅತ್ತೆ ಹಾರ ಹಾಕಿ ಕುಳಿತ ಜೋಡಿಯನ್ನೊಮ್ಮೆ ನೋಡಿದರು, ಜೋಡಿ ಏಳಲಿಲ್ಲ, ಅತ್ತೆ ಮುಂದಿನ ನುಡಿಗೆ ಹೋದರು. ಮತ್ತೆ ಗಂಟೆ, ಮತ್ತೊಂದು ನುಡಿ. ಕೊನೆಗೆ ನಾನು ಬಗ್ಗಿಕೊಂಡು ಓಡಿ, "ಸಾರ್, ದಯವಿಟ್ಟು ಎದ್ದು ನಿಲ್ಲಿ. ಮೇಡಂ, ನೀವೂ" ಎಂದೆ. ಹಾಡಿಗೆ ಗೌರವ ಕೊಡಬೇಕೇನೋ ಎಂದುಕೊಂಡು ಪಾಪ ಇಬ್ಬರೂ ಎದ್ದರು. ಅವರನ್ನು ಕಂಡು ಸಭೆಗೆ ಸಭೆಯೇ ಎದ್ದು ಚಪ್ಪಾಳೆ ಹೊಡೆಯಿತು. ಎದ್ದದ್ದು ಮುಂದಿನ ಎರಡು ಸಾಲಿನವರು ಮಾತ್ರ ಎನ್ನುತ್ತಾಳೆ ಜೊತೆಗೆ ಬಂದಿದ್ದ ಶಾರದೆ, ಇರಬಹುದು. ಅತ್ತೆ ಪದ ನಿಲ್ಲಿಸಿ, ಕೈಯೆತ್ತಿ, "ಮಕ್ಳು ಮರಿ ಮಾಡ್ಕಂಡು ನೂರ್ ಕಾಲ ಚೆನ್ನಾಗಿರ್ರಪ್ಪ" ಎಂದು ಹರಸಿದರು. ಮೇಡಂ ತಮ್ಮ ಕುರ್ಚಿಯನ್ನು ಒಂದು ಮೊಳ ಆಚೆಗೆ ಎಳೆದುಕೊಂಡರು. ಫಲಿತಾಂಶದಲ್ಲಿ ನಮ್ಮ ಹೆಸರಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ, ಶಾರದೆ ಇಬ್ಬರೂ ಮಂಡಕ್ಕಿ ತಿನ್ನುತ್ತ ಖುಷಿಯಾಗಿದ್ದರು. ದಿಲ್ಲಿ ತಪ್ಪಿದ್ದು ನನಗೊಬ್ಬನಿಗೆ. ತಡೆಯಲಾರದೆ ಕೇಳಿಯೇಬಿಟ್ಟೆ: "ಅಲ್ಲ ಅತ್ತೆ, ಇಷ್ಟುದ್ದದ ಪದ ಕಟ್ಟಿದ ಪುಣ್ಯಾತ್ಮರು ಯಾರು?"

"ನಮ್ಮವ್ವ ಹೇಳ್ಕೊಟ್ಟಾಗ ಇಷ್ಟೇ ಇಷ್ಟಿತ್ತು. ನಿಮ್ ಮದ್ವೇಲಿ ಉದ್ದ ಆತು. ಎಲ್ರೂ ಏಳ್ರಿ ಏಳ್ರಿ ಅಂತ ಸನ್ನೆ ಮಾಡಿದ್ರೂ ನೀವು ನನ್ ಮಗಳ ಮಖ ನೋಡ್ಕಂಡು ಕುಂತೇ ಇದ್ರಿ. ನಾನೇನ್ ಮಾಡ್ಲಿ? ಕಟ್ಕಂಡು ಕಟ್ಕಂಡು ಹಾಡ್ದೆ. ಚೆಂದ ಐತೆ ಅಂತ ಈಗ ಎಲ್ರೂ ಅದನ್ನೇ ಕೇಳ್ತಾರೆ."

ನನಗೆ ನೆನಪಿರುವಂತೆ, ಹೇಳಿದ ತಕ್ಷಣ ನಾನು ಎದ್ದಿದ್ದೆ. ಸಾಕ್ಷಿ ಹೇಳಲಿ ಎಂದು ಶಾರದೆಯ ಕಡೆ ತಿರುಗಿ ಅವಳ ಮುಖವನ್ನೇ ನೋಡುತ್ತ ಕುಳಿತೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಲೇ ಇದ್ದಳು. ಆಮೇಲೆ ನನ್ನ ತೋಳು ತಿವಿದು, "ಹೊಳಲ್ಕೆರೆ ಬಂತು. ಈಗ್ಲಾದ್ರೂ ಏಳ್ರಿ," ಎಂದಳು.