ನಮ್ಮ ಪೋಸ್ಟಾಫೀಸಿನ ಸುಧಾರಣೆ

ಸರ್ಕಾರಿ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅಲ್ಲಿ ನಗದೆ ಕೂತವರೆಲ್ಲ ಬಿಪಿ ಮಾತ್ರೆ ನುಂಗುತ್ತಿದ್ದಾರೆ ಎನ್ನುವುದು ಅವಳಿಗೆ ಗೊತ್ತಿಲ್ಲ. ನಾನು ಪೋಸ್ಟಾಫೀಸಿನ ಗುಮಾಸ್ತ. ಮೊದಲು ರಾಯದುರ್ಗದ ಕಡೆ ಇದ್ದೆ, ಈಗ ಮಡಕಶಿರಾ. ನಮ್ಮ ಇಲಾಖೆಯ ತಲೆ ದೆಹಲಿಯಲ್ಲಿದೆ, ಕಾಲು ನಮ್ಮೂರುಗಳಲ್ಲಿದೆ. ನಡುವೆ ಎಷ್ಟು ಕಚೇರಿಗಳಿವೆಯೋ ನನಗೇ ಪೂರ್ತಿ ಗೊತ್ತಿಲ್ಲ. ತಲೆ ಆಗಾಗ ‘ಸುಧಾರಣೆ’ ಎನ್ನುತ್ತದೆ. ಆ ಮಾತು ಕಾಲಿಗೆ ಮುಟ್ಟುವಷ್ಟರಲ್ಲಿ ಏನಾದರೊಂದು ಆಗಿಯೇ ಆಗುತ್ತದೆ.

ಮೂರು ಕುರ್ಚಿ

ನನ್ನ ಮೊದಲ ಆಫೀಸಿನಲ್ಲಿ ನಾಲ್ಕು ಕುರ್ಚಿ, ಕೂರುವವರು ಇಬ್ಬರು. ಸ್ಟಾಂಪು ಮಾರುವ ಕುರ್ಚಿ ನನ್ನದು. ಮೊದಲಿದ್ದ ಇನ್ನಿಬ್ಬರಲ್ಲಿ ಒಬ್ಬರು ರಿಟೈರಾದರು, ಇನ್ನೊಬ್ಬರಿಗೆ ವರ್ಗವಾಯಿತು, ಬದಲಿಗೆ ಯಾರೂ ಬರಲಿಲ್ಲ. ಹೀಗಾಗಿ ಮೂರು ಕುರ್ಚಿಗೂ ಪೋಸ್ಟ್‌ಮಾಸ್ಟರ್ ಸಾಹೇಬರೇ ಇನ್‌ಚಾರ್ಜ್. ಒಬ್ಬ ಬರೆದದ್ದನ್ನು ಇನ್ನೊಬ್ಬ ತಾಳೆ ನೋಡಬೇಕೆಂದು ರೂಲಿದೆ. ಸಾಹೇಬರು ರೂಲು ಬಿಡುವವರಲ್ಲ. ಒಂದು ಕುರ್ಚಿಯಲ್ಲಿ ಕೂತು ಬರೆಯುವರು, ಎದ್ದು ಪಕ್ಕದ ಕುರ್ಚಿಗೆ ಹೋಗಿ ಕನ್ನಡಕ ಹಾಕಿಕೊಂಡು ಅದನ್ನೇ ಅನುಮಾನದಿಂದ ನೋಡುವರು.

ಕಣೇಕಲ್ಲಿನಿಂದ ಬಂದ ರೈತರೊಬ್ಬರು ಕೇಳಿಯೇ ಬಿಟ್ಟರು. “ಯಾಕ್ರಿ ಸಾಹೇಬ್ರ, ಒಂದ ಕುರ್ಚ್ಯಾಗ ಕುಂತು ಎಲ್ಲಾ ಸಹಿ ಹಾಕಿದ್ರ ಆಗಂಗಿಲ್ಲೇನ್ರಿ?”

“ಈ ಕುರ್ಚ್ಯಾಗಿನವ ತಪ್ಪು ಮಾಡ್ಯಾನೋ ಇಲ್ಲೋ, ಆ ಕುರ್ಚ್ಯಾಗಿನವ ನೋಡಬೇಕಲ್ರಿ,” ಎಂದರು ಸಾಹೇಬರು.

ಒಂದು ದಿನ ತಪ್ಪು ಸಿಕ್ಕಿತು. ಸಾಹೇಬರು ತಮಗೆ ತಾವೇ ಮೆಮೊ ಕೊಟ್ಟುಕೊಂಡರು. ಮಧ್ಯಾಹ್ನ ಊಟ ಬಿಟ್ಟು ಅದಕ್ಕೆ ವಿನಯದಿಂದ ಉತ್ತರ ಬರೆದರು. ಸಂಜೆ ದೊಡ್ಡ ಕುರ್ಚಿಗೆ ಹೋಗಿ ಆ ಉತ್ತರವನ್ನು ಎರಡು ಸಲ ಓದಿ, ‘ಸಮಾಧಾನಕರವಾಗಿಲ್ಲ’ ಎಂದು ಷರಾ ಹಾಕಿದರು.

ನನಗೆ ತಡೆಯಲಾಗಲಿಲ್ಲ. “ಸಾರ್, ನಿಮ್ಮ ಉತ್ತರ ನೀವ ಒಪ್ಪಲಿಲ್ಲೇನ್ರಿ?”

“ಹ್ಯಾಂಗ ಒಪ್ಪಲ್ರಿ? ಆ ಮನಷಾನ್ನ ನಾ ಭಾಳ ವರ್ಷದಿಂದ ನೋಡೀನಿ.”

ಮೊದಲ ಬಹುಮಾನ

ಅದೇ ಆಫೀಸಿಗೆ ಮೇಲಿನಿಂದ ಆದೇಶ ಬಂತು: ಹಿಂದಿ ಭಾಷಣ ಸ್ಪರ್ಧೆ ನಡೆಸಿ, ಫೋಟೊ ಸಮೇತ ವರದಿ ಕಳಿಸಿ. ಸಾಹೇಬರು ತೀರ್ಪುಗಾರರು. ಸ್ಪರ್ಧಿಗಳು ನಾನು ಮತ್ತು ಟಪಾಲು ಚೀಲ ಹೊರುವವನು; ಅವನನ್ನು ಎಲ್ಲರೂ ಕರೆಯುವುದು ಅಣ್ಣ ಎಂದೇ. ನಾನು “ಭಾಯಿಯೋ ಔರ್ ಬೆಹನೋ” ಎಂದು ಎದ್ದವನು ಅಲ್ಲಿಗೇ ಮುಗಿಸಿ ಕೂತೆ.

ಅಣ್ಣ ಎದ್ದ. ಮುಷ್ಟಿ ಬಿಗಿದು, ಕಣ್ಣು ಕೆಂಪಗೆ ಮಾಡಿಕೊಂಡು, ಉಸಿರು ತೆಗೆದುಕೊಳ್ಳದೆ ಮಾತಾಡಿದ. ನಮಗೆ ಸಂತೆಯ ಹಿಂದಿ ಬರುತ್ತದೆ. ಇದರಲ್ಲಿ ಒಂದಕ್ಷರವೂ ಅರ್ಥವಾಗದ್ದರಿಂದ ದೆಹಲಿಯ ಅಚ್ಚ ಹಿಂದಿಯೇ ಇರಬೇಕು ಎಂದುಕೊಂಡೆವು. ಸಾಹೇಬರು ಮೊದಲ ಬಹುಮಾನ ಕೊಟ್ಟು, ‘ಮಾತು ನೇರವಾಗಿ ಎದೆಗೆ ತಾಗುವಂತಿತ್ತು’ ಎಂದು ವರದಿ ಕಳಿಸಿದರು.

ಆಮೇಲೆ ಅಣ್ಣ ನನ್ನನ್ನು ಮೂಲೆಗೆ ಕರೆದ. “ಅದು ಹಿಂದಿ ಅಲ್ರಿ, ಮರಾಠಿ. ಸೊಲ್ಲಾಪುರದ ಗಿರಣ್ಯಾಗ ಇದ್ದಾಗ ಕೆಲಸ ಮಾಡಸೋ ಮುಕಾದಮ ದಿನಾ ಹಿಂಗ ಬೈತಿದ್ದ. ನನಗ ಬಾಯಿಪಾಠ ಬರೋದು ಅದೊಂದ.”

ಸ್ವಲ್ಪ ದಿನಕ್ಕೆ ಮೇಲಿನಿಂದ ಇನ್ನೊಂದು ಆದೇಶ. ಅದೇ ಭಾಷಣವನ್ನು ಅನಂತಪುರದಲ್ಲಿ ದೊಡ್ಡ ಅಧಿಕಾರಿಗಳ ಮುಂದೆ ಮಾಡಿಸಬೇಕಂತೆ. ಅಣ್ಣ ತಲೆ ಕೆರೆದುಕೊಂಡು ಕೇಳಿದ. “ಅಷ್ಟೂ ಸಾಹೇಬ್ರನ್ನ ಒಂದ ಸಲಕ್ಕ ಬೈದ್ರ, ಪ್ರಮೋಷನ್ ಕೊಡ್ತಾರೇನ್ರಿ?”

ಎಷ್ಟು ಜನ ಬೇಕು?

ಮಡಕಶಿರಾಕ್ಕೆ ಬಂದ ಮೇಲೆ ನಡೆದದ್ದು ಇದು. ಕೆಲಸ ಕಡಿಮೆ ಇರುವ ಹಳ್ಳಿಯ ಶಾಖೆಗಳನ್ನು ಪಟ್ಟಣದ ಆಫೀಸಿಗೆ ಸೇರಿಸಬೇಕೆಂದು ತೀರ್ಮಾನವಾಯಿತು. ಅಗಳಿಯ ಆಚೆ ಒಂದು ಊರಿದೆ. ಅಲ್ಲಿನ ಶಾಖೆ ಎಂದರೆ ಒಂದು ಕೋಣೆ, ಒಂದು ಮೇಜು, ಅದನ್ನು ನೋಡಿಕೊಳ್ಳುವ ಒಬ್ಬ ಮೇಡಮ್ಮು. ಕೂಲಿಗೆ ಹೋಗುವ ಹೆಂಗಸರೆಲ್ಲ ದುಡ್ಡು ಕೂಡಿಡುವುದು ಅಲ್ಲಿಯೇ. ಶಾಖೆ ಮುಚ್ಚಿದರೆ ಪ್ರತಿ ಸಲವೂ ಬಸ್ಸು ಹತ್ತಿ ಮಡಕಶಿರಾಕ್ಕೆ ಬರಬೇಕು, ಆ ದಿನದ ಕೂಲಿ ಹೋದಂತೆಯೇ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ನನಗೂ ಹೊಟ್ಟೆ ಉರಿಯುತ್ತಿತ್ತು, ಆದರೆ ಗುಮಾಸ್ತನ ಹೊಟ್ಟೆ ಉರಿಯನ್ನು ಯಾರು ಕೇಳುತ್ತಾರೆ.

ಪರಿಶೀಲನೆಗೆ ಅಧಿಕಾರಿ ಬರುವ ಹಿಂದಿನ ದಿನ ಮೇಡಮ್ಮು ಒಬ್ಬ ಅಜ್ಜಿಗೆ, “ನಾಳೆ ನಾಕು ಜನ ಬಂದ್ರೆ ಒಳ್ಳೇದಿತ್ತು ಕಣಜ್ಜಿ” ಎಂದಿದ್ದರಂತೆ. ಅಷ್ಟೇ ಸಾಕಾಯಿತು. ನಾನು ಅಧಿಕಾರಿಯ ಜೊತೆ ಜೀಪಿನಿಂದ ಇಳಿದಾಗ ಕ್ಯೂ ಬಸ್‌ಸ್ಟಾಪಿನವರೆಗೂ ಬಂದಿತ್ತು. ಹಿಟ್ಟಿನ ಗಿರಣಿಯವನೂ ಬೆಲ್ಟು ನಿಲ್ಲಿಸಿ ಬಂದಿದ್ದ.

ಅಧಿಕಾರಿ ತೆಲುಗಿನವರು. ಅವರು ತೆಲುಗಿನಲ್ಲಿ ಕೇಳುವುದು, ಇವರು ಕನ್ನಡದಲ್ಲಿ ಹೇಳುವುದು. ನಮ್ಮ ಗಡಿ ಸೀಮೆಯಲ್ಲಿ ಇದಕ್ಕೆ ದುಭಾಷಿ ಬೇಕಿಲ್ಲ.

“ಏನು ಬೇಕಿತ್ತು?” ಎಂದು ಗಿರಣಿಯವನನ್ನು ಕೇಳಿದರು.

“ಕಾರ್ಡು ಸಾಮಿ.”

“ಯಾರಿಗೆ ಬರೆಯಬೇಕು?”

“ಇನ್ನೂ ಯೋಚ್ನೆ ಮಾಡಿಲ್ಲ ಸಾಮಿ.”

ಅಧಿಕಾರಿಗೆ ನಿಜಕ್ಕೂ ಮನಸ್ಸು ಕರಗಿತು. “ಇಷ್ಟು ಜನಕ್ಕೆ ಇಷ್ಟು ಸಣ್ಣ ಕೋಣೆಯೇ? ನೀವೆಲ್ಲ ಹೀಗೆ ಬಿಸಿಲಲ್ಲಿ ನಿಲ್ಲುವುದು ತಪ್ಪು. ಮಡಕಶಿರಾಕ್ಕೇ ಸೇರಿಸಿಬಿಡುತ್ತೇನೆ. ಅಲ್ಲಿ ದೊಡ್ಡ ಹಾಲ್ ಇದೆ, ಫ್ಯಾನಿದೆ, ಕುರ್ಚಿಗಳಿವೆ,” ಎಂದರು.

ಮೇಡಮ್ಮು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು. ಕ್ಯೂ ಕಟ್ಟಿಸಿದ ಅಜ್ಜಿಯೇ ಮುಂದೆ ಬಂದಳು.

“ಸಾಮಿ, ಜನ ಬರ್ದೆ ಇದ್ದಿದ್ರೆ ಏನ್ ಮಾಡ್ತಿದ್ರಿ?”

ಅಧಿಕಾರಿ ಸುಳ್ಳು ಹೇಳುವ ಮನುಷ್ಯರಲ್ಲ. “ಕೆಲಸ ಇಲ್ಲ ಅಂತ ಮಡಕಶಿರಾಕ್ಕೆ ಸೇರಿಸ್ತಿದ್ದೆ ಅಮ್ಮಾ.”

“ಹಂಗಾರೆ ಎಷ್ಟು ಜನ ಬಂದ್ರೆ ಇಲ್ಲೇ ಉಳೀತದೆ ಅಂತ ಹೇಳ್ಬಿಡಿ ಸಾಮಿ. ಮಿಕ್ಕೋರ್ನ ಈಗ್ಲೇ ಮನೆಗೆ ಕಳುಸ್ತೀನಿ.”

ಅಧಿಕಾರಿ ನನ್ನ ಮುಖ ನೋಡಿದರು. ನಾನು ಫ್ಯಾನಿಲ್ಲದ ಸೂರು ನೋಡಿದೆ. ಕೊನೆಗೆ ಅವರು, “ಇದನ್ನ ಮೇಲೆ ಕೇಳಬೇಕು,” ಎಂದು ಜೀಪು ಹತ್ತಿದರು. ಕೇಳಿದ್ದೂ ನಿಜ. ಪ್ರಶ್ನೆ ಅನಂತಪುರ ದಾಟಿತು, ಅಲ್ಲಿಂದಲೂ ಮೇಲೆ ಹೋಯಿತು. ಉತ್ತರ ಬರುವವರೆಗೆ ಶಾಖೆ ಮುಚ್ಚುವ ಹಾಗಿಲ್ಲ. ಉತ್ತರ ಇನ್ನೂ ಬಂದಿಲ್ಲ. ನಮ್ಮ ಇಲಾಖೆಯ ನಿಧಾನಕ್ಕೆ ನಾನು ಮನಸಾರೆ ಕೈಮುಗಿದದ್ದು ಅದೊಂದೇ ಸಲ.

ಆ ಕಡೆ ಹೋದಾಗಲೆಲ್ಲ ಅಜ್ಜಿ ಸಿಕ್ಕೇ ಸಿಗುತ್ತಾಳೆ.

“ಡೆಲ್ಲಿಯಿಂದ ಉತ್ರ ಬಂತಾ ಸಾಮಿ?”

“ಇಲ್ಲ ಕಣಜ್ಜಿ. ಇನ್ನೂ ಯೋಚ್ನೆ ಮಾಡ್ತಾವ್ರೆ.”

“ಮಾಡ್ಲಿ ಬಿಡಿ, ಪಾಪ. ನಮ್ಗೇನೂ ಆತ್ರ ಇಲ್ಲ ಅಂತ ಒಂದ್ ಮಾತು ಹೇಳಿ ಕಳ್ಸಿ.”