ಇಳಿಜಾರಿನಲ್ಲಿ ನಿಲ್ಲುವ ಕಾರು

ನನ್ನ ಚಿಕ್ಕಪ್ಪ ಜಗತ್ತಿನಲ್ಲಿ ಯಾರನ್ನಾದರೂ ಅನುಮಾನಿಸಿಯಾರು, ತಮ್ಮ ಕಣ್ಣನ್ನು ಮಾತ್ರ ಅಲ್ಲ. ಅವರು ಬೆಳಗಾಯಿತೆಂದರೆ ಕೋಳಿಯೂ ಎದ್ದು ಕೂಗಬೇಕು!

ಇಳಿಜಾರು ಕಂಡರೆ ಕಾರನ್ನು ನ್ಯೂಟ್ರಲ್‌ಗೆ ಹಾಕುವುದು ಅವರ ವ್ರತ. ಪೆಟ್ರೋಲ್ ಉಳಿಯುತ್ತದಂತೆ. ಚಿನ್ನದ ಗಣಿಗಳ ಕೋರಮಂಡಲ್ ಆಚೆಗಿನ ನಮ್ಮೂರು ಬಿಡುತ್ತಲೇ, ಚಿನ್ನ ತೆಗೆದುಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕದಲ್ಲಿ ಒಂದು ಇಳಿಜಾರಿದೆ. ಅಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಕಾರು ನಿಧಾನವಾಗಿ ನಿಂತೇಬಿಡುತ್ತಿತ್ತು. ಒಮ್ಮೆಯಂತೂ ಹಿಂದಕ್ಕೇ ಹೊರಟಿತು!

"ಬ್ರೇಕ್ ಮೇಲೆ ಕಾಲಿಟ್ಟಿದ್ದೀರೇನೋ" ಎಂದೆ.

"ಲೇ, ಮೂವತ್ತು ವರ್ಸದಿಂದ ಓಡಿಸ್ತಾ ಇವ್ನಿ. ನಂಗೇ ಏಳ್ಕೊಡ್ತೀಯೇನ್ಲಾ?"

ಆಂಡರ್ಸನ್‌ಪೇಟೆಯ ಮೆಕ್ಯಾನಿಕ್ ನಾಲ್ಕೂ ಚಕ್ರ ಬಿಚ್ಚಿ, "ಗಾಡಿ ಸೂಪರ್ ಅಣ್ಣ" ಎಂದ. ನಿಂಬೆಹಣ್ಣು ಇಟ್ಟದ್ದಾಯಿತು, ಹಣ್ಣು ಅಪ್ಪಚ್ಚಿಯಾಯಿತು, ಕಾರು ಜಗ್ಗಲಿಲ್ಲ. ಭಾರ ಹೆಚ್ಚಾಯಿತೆಂದು ಸ್ಟೆಪ್ನಿ ಇಳಿಸಿದರು, ಆಮೇಲೆ ನನ್ನನ್ನೂ! ನಾನು ನಡೆದೇ ಕಾರಿಗಿಂತ ಮೊದಲು ತಲುಪಿದ್ದಕ್ಕೆ ಎರಡು ದಿನ ಮಾತು ಬಿಟ್ಟರು.

ಕೊನೆಗೆ ಚಿಕ್ಕಮ್ಮ ತೀರ್ಪು ಕೊಟ್ಟರು: "ಭಾನ್ವಾರದೊಳ್ಗೆ ಸರಿ ಆಗ್ನಿಲ್ಲ ಅಂದ್ರೆ ಆ ಡಬ್ಬಾನ ಮಾರಿ ಹಾಲ್ಗೆ ಇನ್ನೊಂದು ಸೀಮೆಅಸ ಕಟ್ಟಾನ."

ಕಾರು ಮಾರುವುದೇ? ಚಿಕ್ಕಪ್ಪನಿಗೆ ಅನ್ನ ಇಳಿಯಲಿಲ್ಲ. ಭಾನುವಾರ ಬೆಳಿಗ್ಗೆ ಗಾರೆ ಮೇಸ್ತ್ರಿಯನ್ನು ಕಾರಿನಲ್ಲಿ ಕೂರಿಸಿ ಅಲ್ಲಿಗೆ ಎಳೆದುತಂದರು. ಪಾಯದ ಮಟ್ಟ ನೋಡುವ ನೀರಿನ ಟ್ಯೂಬಿನ ಒಂದು ತುದಿ ಹಿಡಿದು ಮೇಸ್ತ್ರಿ ಇಳಿಜಾರಿನ ತಲೆಯಲ್ಲಿ ನಿಂತ, ಇನ್ನೊಂದು ತುದಿ ಹಿಡಿದು ನಾನು ಕೆಳಗೆ. ನೀರು ಅವನ ಎದೆಮಟ್ಟಕ್ಕೆ ನಿಂತಿತು, ನನಗೆ ಮೊಣಕಾಲಿಗೆ!

"ಅಣ್ಣಾ, ಇದು ಇಳಿಜಾರಲ್ಲ, ಏರು! ಪಕ್ಕದಾಗೆ ದಿಬ್ಬ ವಾಲ್ಕೊಂಡೈತೆ, ಮುಂದೆ ಇನ್ನೂ ದೊಡ್ಡ ಏರೈತೆ. ಅದ್ಕೇ ಕಣ್ಣು ಯಾಮಾರ್ತದೆ."

ಕಾರು ಉಳಿಯಿತು! ನಾನು ಕುಣಿದೆ. ಚಿಕ್ಕಪ್ಪ ಕುಣಿಯಲಿಲ್ಲ. ಡೈರಿಗೆ ಹಾಲು ಹಾಕಲು ಚಿಕ್ಕಮ್ಮ ಕ್ಯಾನ್ ಹೊತ್ತು, ಏದುಸಿರು ಬಿಡುತ್ತ ಅದೇ ರಸ್ತೆಯಲ್ಲಿ ಬರುತ್ತಿದ್ದರು. ಕಾರಿಗೆ ಹಾಲಿನ ವಾಸನೆ ಹಿಡಿಯುತ್ತದೆಂದು ಅವರನ್ನು ನಡೆಸುತ್ತಿದ್ದವರೂ, "ಇಳಿಜಾರಲ್ಲೂ ಸುಸ್ತಾ ನಿಂಗೆ?" ಎಂದು ದಿನವೂ ರೇಗಿಸುತ್ತಿದ್ದವರೂ ಇದೇ ಮಹಾನುಭಾವರು.

"ಇದು ಏರು ಅಂತ ನಿಂಗೆ ಗೊತ್ತಿತ್ತಾ?"

"ಕಾಲ್ಗೆ ಗೊತ್ತಾಗಲ್ವಾ?"

"ಮತ್ಯಾಕೇ ಏಳ್ನಿಲ್ಲ?"

"ಏಳ್ದೆ. ಎಷ್ಟೋ ಸಲ ಏಳ್ದೆ. ನೀವು ನಕ್ಬಿಟ್ರಿ."

ಚಿಕ್ಕಪ್ಪ ಕ್ಯಾನ್ ಇಳಿಸಿಕೊಂಡು ಹಿಂದಿನ ಸೀಟಿನ ಮೇಲಿಟ್ಟರು. ಮುಂದಿನ ಬಾಗಿಲು ತೆಗೆದು ಹಿಡಿದು ನಿಂತರು.

"ಹಾಲು ಚೆಲ್ಲಿದ್ರೆ?" ಎಂದರು ಚಿಕ್ಕಮ್ಮ.

"ಚೆಲ್ಲಿದ್ರೆ ಚೆಲ್ಲಲಿ. ನೀನು ಕೂತ್ಕೋ."